ನಡುವಿನ ಎಂಟು ವರ್ಷ

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ‘ಸಾಕ್ಷಿ ಹೇಳುವುದು’ ಎಂಬ ರೂಢಿಯೊಂದಿದೆ. ಭಾನುವಾರದ ಆರಾಧನೆಯಲ್ಲೋ ಮನೆಪ್ರಾರ್ಥನೆಯಲ್ಲೋ ಒಬ್ಬರು ಎದ್ದು ನಿಂತು ತಾವು ಮೊದಲು ಹೇಗಿದ್ದೆವು, ದೇವರು ತಮ್ಮನ್ನು ಹೇಗೆ ಕೈಹಿಡಿದ, ಈಗ ಹೇಗಿದ್ದೇವೆ ಎಂದು ಹೇಳಿಕೊಳ್ಳುತ್ತಾರೆ. ಕುಡಿತ ಬಿಟ್ಟವರು, ಕಾಯಿಲೆಯಿಂದ ಎದ್ದವರು, ಮುರಿದ ಸಂಸಾರವನ್ನು ಮತ್ತೆ ಕಟ್ಟಿಕೊಂಡವರು. ಕೇಳುತ್ತ ಕೂತವರು ‘ಹಲ್ಲೆಲೂಯ’ ಎನ್ನುತ್ತಾರೆ. ಚಿಕ್ಕಂದಿನಿಂದ ಇಂಥ ಸಾಕ್ಷಿಗಳನ್ನು ಕೇಳಿಕೊಂಡೇ ಬೆಳೆದವನು ನಾನು. ಅವು ಸುಳ್ಳೆಂದು ನನಗೆ ಅನ್ನಿಸಿದ್ದು ಕಡಿಮೆ. ಆದರೆ ಒಂದು ಕಾಲದ ಮಾತು ಮಾತ್ರ ಅವುಗಳಲ್ಲಿ ಬರುವುದೇ ಇಲ್ಲ. ಹಿಂದಿನ ಕತ್ತಲೆ ಬರುತ್ತದೆ, ಇಂದಿನ ಬೆಳಕು ಬರುತ್ತದೆ. ದೀಕ್ಷಾಸ್ನಾನವಾಗಿ ನಾಲ್ಕೈದು ವರ್ಷ ಕಳೆದ ಮೇಲೆ, ಮಂಡಿಯೂರಿದರೂ ಬಾಯಿಂದ ಪ್ರಾರ್ಥನೆಯೇ ಹೊರಡದಂಥ ದಿನಗಳು ಬರುವುದಿಲ್ಲ.

ಇದಕ್ಕೆ ಕಾರಣವಿದೆ. ಮತಾಂತರವಾದವರಿಗೆ ಬೇಸರಪಟ್ಟುಕೊಳ್ಳುವ ಸ್ವಾತಂತ್ರ್ಯವನ್ನು ನಾವು ಯಾರೂ ಕೊಟ್ಟಿಲ್ಲ. ಹುಟ್ಟಿದ ಮನೆಯವರ ಮುಂದೆ ‘ಯಾಕೋ ಮನಸ್ಸು ಬರಿದಾಗಿದೆ’ ಎಂದರೆ ‘ಆಗಲೇ ಹೇಳಿದ್ದೆವಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಸೇರಿದ ಸಭೆಯವರ ಮುಂದೆ ಅದೇ ಮಾತಾಡಿದರೆ ‘ವಿಶ್ವಾಸ ಸಾಲದು, ಉಪವಾಸ ಪ್ರಾರ್ಥನೆ ಮಾಡಿ’ ಎನ್ನುತ್ತಾರೆ. ಬೆನ್ನ ಹಿಂದೆ ‘ಹಿಂಜಾರಿದ್ದಾರೆ’ ಎಂದು ಪಿಸುಗುಟ್ಟುತ್ತಾರೆ. ಹುಟ್ಟು ಕ್ರೈಸ್ತರಾದ ನಮಗೆ ಈ ಕಷ್ಟ ಅಷ್ಟಿಲ್ಲ. ಆರು ತಿಂಗಳು ಚರ್ಚಿನ ಕಡೆ ತಲೆಹಾಕದಿದ್ದರೂ ನಮ್ಮ ಹೆಸರು ರಿಜಿಸ್ಟರಿನಲ್ಲಿ ಇದ್ದೇ ಇರುತ್ತದೆ. ಕ್ರಿಸ್‌ಮಸ್ಸಿಗೆ ಹೊಸ ಬಟ್ಟೆ ಹಾಕಿಕೊಂಡು ಹೋದರೆ ಯಾರೂ ಏನೂ ಕೇಳುವುದಿಲ್ಲ. ಹೊಸಬರು ಒಂದೇ ಒಂದು ಭಾನುವಾರ ತಪ್ಪಿಸಿದರೂ ಅದು ಊರಿಗೆಲ್ಲ ಸುದ್ದಿ.

ಈ ನಡುಗಾಲದ ಬಗ್ಗೆ ಬಾಯಿಬಿಟ್ಟು ಹೇಳಿದವರು ವಿರಳ. ಅವರಲ್ಲೊಬ್ಬರು ನಮ್ಮ ಘಟ್ಟದ ಮಗಳು ಪಂಡಿತಾ ರಮಾಬಾಯಿ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಉಡುಪಿಯ ಪಂಡಿತರ ಮುಂದೆ ನಿಂತು ಶಾಸ್ತ್ರಾಧಾರ ಕೊಟ್ಟು ಸಮರ್ಥಿಸಿಕೊಳ್ಳಬೇಕಾಯಿತು. ಮುಂದೆ ಮನೆಮಂದಿಯೆಲ್ಲ ತೀರ್ಥದಿಂದ ತೀರ್ಥಕ್ಕೆ ನಡೆಯುತ್ತ, ದೇವಸ್ಥಾನಗಳ ಜಗಲಿಯಲ್ಲಿ ಪುರಾಣ ಓದುತ್ತ ಬದುಕಿತು. 1870ರ ದಶಕದ ಕ್ಷಾಮದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಕೈಯಲ್ಲಿದ್ದುದನ್ನೆಲ್ಲ ವ್ರತಕ್ಕೂ ದಾನಕ್ಕೂ ಸುರಿದು, ಹಸಿವಿನಲ್ಲಿ ಕಾದರೂ ದೇವರು ಮಾತಾಡಲಿಲ್ಲ. ಉಳಿದ ಅಣ್ಣ ತಂಗಿ ಸುಮಾರು 4,000 ಮೈಲಿ ನಡೆದು 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಈ ಹುಡುಗಿಯ ಸಂಸ್ಕೃತಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಬಿರುದು ಬರುವ ಹೊತ್ತಿಗೆ ಹಳೆಯ ನಂಬಿಕೆ ಕುಸಿದುಹೋಗಿತ್ತು. ಹೀಗೆ ಆಕೆಯ ಮೊದಲ ನಿರುತ್ಸಾಹ ಬಂದದ್ದು ಮತಾಂತರಕ್ಕೂ ಮುಂಚೆ.

ಮುಂದೆ ಅಣ್ಣ ತೀರಿಕೊಂಡ. ಜಾತಿಯ ಹೊರಗೆ ಕೈಹಿಡಿದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿ ಎರಡು ವರ್ಷ ತುಂಬುವ ಮೊದಲೇ 1882ರಲ್ಲಿ ಕಾಲರಾಕ್ಕೆ ತುತ್ತಾದರು. ಅವರ ಪುಸ್ತಕಗಳ ನಡುವೆ ರಮಾಬಾಯಿಗೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತ್ತು. ಗಂಡನಿಗೆ ಅದು ಹಿಡಿಸಿರಲಿಲ್ಲ. ಇಪ್ಪತ್ತಮೂರರ ವಿಧವೆ, ಕಂಕುಳಲ್ಲಿ ಹೆಣ್ಣುಕೂಸು ಮನೋರಮಾ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು, ವೈದ್ಯಕೀಯ ಕಲಿಯುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು.

ಇಂಗ್ಲೆಂಡಿನಲ್ಲಿ ಆಶ್ರಯ ಕೊಟ್ಟವರು ವಾಂಟೇಜ್ ಊರಿನ ಆಂಗ್ಲಿಕನ್ ಸನ್ಯಾಸಿನಿಯರು. ಅವರು ಲಂಡನ್ನಿನ ಫುಲಂನಲ್ಲಿ, ಸಮಾಜ ‘ಕೆಟ್ಟವರು’ ಎಂದು ತಳ್ಳಿದ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಇಂಥ ಹೆಂಗಸರನ್ನು ಪ್ರೀತಿಯಿಂದ ನೋಡಿಕೊಳ್ಳುವುದು ಇವರಿಗೆ ಹೇಗೆ ಸಾಧ್ಯವಾಯಿತು ಎಂದು ರಮಾಬಾಯಿ ಕೇಳಿದಾಗ, ಸಮಾರ್ಯದ ಬಾವಿಕಟ್ಟೆಯ ಬಳಿ ಯೇಸು ಒಬ್ಬ ಹೆಂಗಸಿನೊಡನೆ ಮಾತಾಡಿದ ಕಥೆಯನ್ನು ಸನ್ಯಾಸಿನಿಯೊಬ್ಬರು ಓದಿ ಹೇಳಿದರು. ಪಂಡಿತರ ಸಭೆಗಳನ್ನು ಗೆದ್ದ ಹೆಣ್ಣಿನ ಮನಸ್ಸು ಕರಗಿದ್ದು ಅಲ್ಲಿ. 1883ರ ಸೆಪ್ಟೆಂಬರ್ 29ರಂದು ತಾಯಿಗೂ ಮಗಳಿಗೂ ದೀಕ್ಷಾಸ್ನಾನವಾಯಿತು.

ನಮ್ಮ ಸಾಕ್ಷಿಗಳ ಅಳತೆಯಲ್ಲಾದರೆ ಕಥೆ ಇಲ್ಲಿಗೆ ಮುಗಿಯಬೇಕು. ರಮಾಬಾಯಿಯ ಕಥೆ ಇಲ್ಲಿಂದ ಮುಂದೆ ಗೋಜಲಾಗುತ್ತದೆ. ದೀಕ್ಷಾಸ್ನಾನಕ್ಕೆ ಸ್ವಲ್ಪ ಮೊದಲೇ, ಊರಿಂದ ಜೊತೆಗೆ ಬಂದಿದ್ದ ಆನಂದೀಬಾಯಿ ಭಗತ್ ವಾಂಟೇಜಿನಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದರು; ಆ ಆಘಾತ ರಮಾಬಾಯಿಯನ್ನು ಹಾಸಿಗೆ ಹಿಡಿಸಿತ್ತು. ಕಿವಿ ಮಂದವಾಗುತ್ತ ಬಂದು ವೈದ್ಯಕೀಯ ಓದಿನ ಆಸೆ ಕೈತಪ್ಪಿತು. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ ಓದುತ್ತ ಸಂಸ್ಕೃತ ಕಲಿಸುತ್ತಿದ್ದಾಗ, ಗಂಡಸರಿಗೆ ಪಾಠ ಹೇಳಬಾರದೆಂದು ಭಾರತದಲ್ಲಿದ್ದ ಇಂಗ್ಲಿಷ್ ಬಿಷಪರು ತಕರಾರು ತೆಗೆದರು. ಹೆಂಗಸಿಗೆ ಶಾಸ್ತ್ರ ಕಲಿಸಬಾರದೆಂದು ಅಪ್ಪನನ್ನು ಕಾಡಿದ ದನಿಯೇ ಮಗಳಿಗೆ ಇಂಗ್ಲಿಷಿನಲ್ಲಿ ಕೇಳಿಸಿತು.

ಇದಕ್ಕಿಂತ ದೊಡ್ಡ ತಾಕಲಾಟ ಒಳಗಿನದು. ತ್ರಿತ್ವ ಎಂದರೇನು, ಕ್ರಿಸ್ತ ದೇವರೇ ಆಗಿದ್ದನೆಂದು ಯಾವ ಆಧಾರದಿಂದ ನಂಬುವುದು, ಪವಾಡಗಳನ್ನು ಒಪ್ಪದೆಯೂ ಕ್ರೈಸ್ತಳಾಗಿರಲು ಆಗುವುದಿಲ್ಲವೇ, ಒಂದೇ ಬೈಬಲ್ ಹಿಡಿದವರಲ್ಲಿ ಇಷ್ಟೊಂದು ಪಂಗಡಗಳೇಕೆ ಎಂದೆಲ್ಲ ಆಕೆ ಪತ್ರದ ಮೇಲೆ ಪತ್ರ ಬರೆದು ಕೇಳಿದರು. ಕಾಲೇಜಿನ ಮುಖ್ಯಸ್ಥೆ ಡೊರೊತಿಯಾ ಬೀಲ್ ತಾಳ್ಮೆಯಿಂದ ಉತ್ತರಿಸಿದರು. ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಆಕೆಯ ಧರ್ಮಮಾತೆ, ಕರುಳಿನಿಂದ ಪ್ರೀತಿಸಿದವರು; ಅವರಿಗೆ ಈ ಪ್ರಶ್ನೆಗಳಲ್ಲಿ ಕಂಡದ್ದು ಅಹಂಕಾರ. ಶಿಲುಬೆಯ ಮೇಲಿನ ಬರಹ ಲ್ಯಾಟಿನಿನಲ್ಲಿದ್ದರೆ ಆಗುತ್ತದೆ, ಸಂಸ್ಕೃತದಲ್ಲೇಕೆ ಇರಬಾರದು ಎಂದು ಶಿಷ್ಯೆ ಕೇಳಿದಾಗಲೂ ಅವರಿಗೆ ಅದು ಮೊಂಡುತನವಾಗಿಯೇ ಕಂಡಿತು. ಒಂದು ಧರ್ಮಾಧಿಕಾರದ ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಹೆಗಲು ಕೊಡಲಾರೆ, ನನಗೂ ಒಂದು ಅಂತಃಸಾಕ್ಷಿ ಇದೆ ಎಂಬುದು ರಮಾಬಾಯಿಯ ನಿಲುವಾಗಿತ್ತು.

ಇಷ್ಟೂ ಹೊತ್ತಿಗೆ ಸ್ವದೇಶದಲ್ಲಿ ಆಕೆ ಧರ್ಮದ್ರೋಹಿ, ಇಂಗ್ಲೆಂಡಿನಲ್ಲಿ ಅರೆಬೆಂದ ಕ್ರೈಸ್ತಳು. ಎರಡೂ ಕಡೆಯವರು ಕೇಳಿದ್ದು ಒಂದನ್ನೇ: ಒಂದು ನಿಲುವಿಗೆ ಬಂದ ಮೇಲೆ ಮತ್ತೆ ಯಾಕೆ ಅಲುಗಾಡುತ್ತೀಯೆ?

ಇದೇ ಅಲುಗಾಟದ ನಡುವೆ ಆಕೆ ಅಮೆರಿಕಕ್ಕೆ ಹೋದರು, 1887ರಲ್ಲಿ ಹಿಂದೂ ವಿಧವೆಯರ ಪಾಡನ್ನು ಜಗತ್ತಿನ ಮುಂದಿಡುವ ಪುಸ್ತಕ ಬರೆದರು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವೆಂಬ ಶಾಲೆ ತೆರೆದರು. ಕೆಲಸ ನಿಲ್ಲಲಿಲ್ಲ, ಒಳಗೆ ಶಾಂತಿಯೂ ಇರಲಿಲ್ಲ. 1891ರಲ್ಲಿ, ವಿಲಿಯಂ ಹ್ಯಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥನ ಓದುತ್ತಿದ್ದಾಗ ಆಕೆಗೆ ಒಂದು ಸತ್ಯ ಹೊಳೆಯಿತು. ಎಷ್ಟೋ ವರ್ಷ ಪಾದ್ರಿಯಾಗಿದ್ದ ಮೇಲೆ ತನಗೆ ವಿಶ್ವಾಸವೇ ಹುಟ್ಟಿರಲಿಲ್ಲವೆಂದು ಕಂಡುಕೊಂಡವರು ಈ ಹ್ಯಾಸ್ಲಂ. 1907ರಲ್ಲಿ ಪ್ರಕಟಿಸಿದ ತಮ್ಮ ಸಾಕ್ಷಿಯಲ್ಲಿ ರಮಾಬಾಯಿ ಅದನ್ನು ಮುಚ್ಚಿಡದೆ ಬರೆದರು. ದೀಕ್ಷಾಸ್ನಾನವಾದಾಗ ತಮಗೆ ದಕ್ಕಿದ್ದು ಕ್ರೈಸ್ತಧರ್ಮ. ಆ ಧರ್ಮದ ಒಡೆಯನಾದ ಕ್ರಿಸ್ತ ದಕ್ಕಲು ಎಂಟು ವರ್ಷ ಬೇಕಾಯಿತು ಎಂಬುದು ಅದರ ತಾತ್ಪರ್ಯ.

ನನ್ನ ಮಟ್ಟಿಗೆ ಈ ಎಂಟು ವರ್ಷವೇ ಆಕೆಯ ಬದುಕಿನ ದೊಡ್ಡ ಪಾಠ. ಮಡಿಯಿಂದ ಕಿತ್ತು ಗದ್ದೆಗೆ ನೆಟ್ಟ ಭತ್ತದ ಸಸಿ ಮೊದಲ ಕೆಲವು ದಿನ ಹಳದಿಗೆ ತಿರುಗಿ ತಲೆಬಾಗಿಸುತ್ತದೆ. ಬೇರು ಹೊಸ ಕೆಸರನ್ನು ಕಚ್ಚಿಕೊಳ್ಳುವವರೆಗೆ ಅದು ಹಾಗೇ. ಬೇಸಾಯ ಬಲ್ಲವರು ಯಾರೂ ಆಗ ಸಸಿಯನ್ನು ಕಿತ್ತು ನೋಡಲು ಹೋಗುವುದಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ನಮಗೆ ಆ ವ್ಯವಧಾನವಿಲ್ಲ; ನೆಟ್ಟ ಮರುದಿನವೇ ತೆನೆ ತೋರಿಸು ಎನ್ನುತ್ತೇವೆ.

ರಮಾಬಾಯಿಯನ್ನು ವಿಶ್ವಾಸದ ಕಡೆ ಒಲಿಸಿದವರಲ್ಲಿ ನೀಲಕಂಠ ಗೋರೆಯವರ ಪಾತ್ರ ದೊಡ್ಡದು. ಕಾಶಿಯ ಪಂಡಿತ ಪರಂಪರೆಯಿಂದ ಬಂದ ಗೋರೆ ಕ್ರೈಸ್ತರನ್ನು ವಾದದಲ್ಲಿ ಸೋಲಿಸಲು ಹೊರಟು, 1848ರಲ್ಲಿ ತಾವೇ ದೀಕ್ಷಾಸ್ನಾನ ಪಡೆದು ನೆಹೆಮೀಯ ಎಂಬ ಹೆಸರು ತಾಳಿದವರು. ಷಡ್ದರ್ಶನಗಳನ್ನು ವಿಮರ್ಶಿಸುವ ಗ್ರಂಥ ಬರೆದ ಆ ತರ್ಕಪಟುವನ್ನು ಸಂಶಯಗಳು ಜೀವನಪರ್ಯಂತ ಬೆನ್ನಟ್ಟಿದವು. ಸ್ವತಃ ಸಂಶಯದಲ್ಲಿ ಬೇಯುತ್ತಿದ್ದ ಮನುಷ್ಯ ಇನ್ನೊಬ್ಬ ಪಂಡಿತೆಗೆ ದಾರಿ ತೋರಿಸಿದರು. ಸಂಶಯ ಗೊತ್ತಿದ್ದವರ ಮಾತನ್ನೇ ಆಕೆ ನಂಬಿದರೆಂದು ನನಗನ್ನಿಸುತ್ತದೆ. ಎಲ್ಲದಕ್ಕೂ ಉತ್ತರ ಗೊತ್ತಿದ್ದವರನ್ನು ಆಕೆ ಅದಾಗಲೇ ಸಾಕಷ್ಟು ನೋಡಿದ್ದರು.

ನಿರುತ್ಸಾಹವನ್ನು ಪಾಪದ ಪಟ್ಟಿಗೆ ಸೇರಿಸುವವರು ಸತ್ಯವೇದವನ್ನೇ ಒಮ್ಮೆ ಬಿಡಿಸಿ ನೋಡಲಿ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಗೋಳಾಟ. ಬಹುಪಾಲು ಗೋಳು ಕೊನೆಗೆ ಸ್ತುತಿಯ ಕಡೆ ತಿರುಗುತ್ತದೆ, ನಿಜ. 88ನೆಯ ಕೀರ್ತನೆ ಹಾಗೆ ತಿರುಗುವುದೇ ಇಲ್ಲ. ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಸಂಕಲನ ಮಾಡಿದ ಹಿರಿಯರು ಅದನ್ನು ತೆಗೆದುಹಾಕಲಿಲ್ಲ, ಕೊನೆಗೊಂದು ಸಮಾಧಾನದ ಸಾಲನ್ನೂ ಅಂಟಿಸಲಿಲ್ಲ. ಆರಾಧನೆಯಲ್ಲಿ ಹಾಡುವ ಪುಸ್ತಕದಲ್ಲೇ ಅದಕ್ಕೆ ಜಾಗ ಕೊಟ್ಟರು.

ಸ್ನಾನಿಕ ಯೋಹಾನನ ಕಥೆ ಇನ್ನೂ ಹತ್ತಿರದ್ದು. ಯೊರ್ದನ್ ಹೊಳೆಯಲ್ಲಿ ಯೇಸುವಿಗೇ ದೀಕ್ಷಾಸ್ನಾನ ಕೊಟ್ಟವನು ಅವನು. ಹೆರೋದನ ಸೆರೆಮನೆ ಸೇರಿದ ಮೇಲೆ ಅವನಿಗೇ ಅನುಮಾನ ಹತ್ತಿತು. ಬರಬೇಕಾದವನು ನೀನೇನಾ, ಇಲ್ಲ ಬೇರೊಬ್ಬನಿಗಾಗಿ ಕಾಯಬೇಕಾ ಎಂದು ಶಿಷ್ಯರ ಕೈಯಲ್ಲಿ ಕೇಳಿಕಳಿಸಿದ. ಯೇಸು ಗದರಲಿಲ್ಲ. ಕುರುಡರಿಗೆ ಕಣ್ಣು ಬರುತ್ತಿದೆ, ಬಡವರಿಗೆ ಶುಭವಾರ್ತೆ ಮುಟ್ಟುತ್ತಿದೆ, ನೀವು ಕಂಡದ್ದನ್ನು ಹೋಗಿ ತಿಳಿಸಿ ಎಂದಷ್ಟೇ ಹೇಳಿಕಳಿಸಿದ. ಬಂದವರು ಅತ್ತ ಹೋದ ಮೇಲೆ ಜನರ ಕಡೆ ತಿರುಗಿ ಯೋಹಾನನನ್ನು ಹೊಗಳಿದ. ಸಂದೇಹಪಟ್ಟವನನ್ನು ಅವನ ಬೆನ್ನ ಹಿಂದೆ ಹೊಗಳಿದ ಗುರು ಅವನು. ಬೆನ್ನ ಹಿಂದೆ ‘ಹಿಂಜಾರಿದ್ದಾರೆ’ ಎನ್ನುವ ನಾವು ಅವನ ಹೆಸರು ಹೇಳಿಕೊಂಡು ಸಭೆ ಸೇರುತ್ತೇವೆ.

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನ ಸನ್ಯಾಸಿಗಳಿಗೂ ಈ ಕಾಯಿಲೆಯ ಗುರುತು ಚೆನ್ನಾಗಿತ್ತು. ಅವರಲ್ಲಿ ಎವಾಗ್ರಿಯಸ್ ಎಂಬಾತ ಇದನ್ನು ನಡುಹಗಲಿನ ಪಿಶಾಚಿ ಎಂದು ಕರೆದು, ಬೆಳಗಿನ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಕಾಟ ಎಂದು ಹೊತ್ತನ್ನೂ ಗೊತ್ತುಮಾಡಿದ್ದ. ಸೂರ್ಯ ಕದಲುವುದೇ ಇಲ್ಲ ಅನ್ನಿಸುತ್ತದೆ, ಕಣ್ಣು ಮತ್ತೆ ಮತ್ತೆ ಕಿಟಕಿಯ ಕಡೆ ಹೋಗುತ್ತದೆ, ಇಲ್ಲಿ ಯಾರಿಗೂ ನನ್ನ ಮೇಲೆ ಪ್ರೀತಿಯಿಲ್ಲ, ಬೇರೆಲ್ಲೋ ಹೋದರೆ ದೇವರನ್ನು ಇನ್ನೂ ಚೆನ್ನಾಗಿ ಭಜಿಸಬಹುದು ಎಂಬ ಯೋಚನೆ ಹತ್ತುತ್ತದೆ. ಊರಲ್ಲಿನ ಒಂದು ಸಭೆ ಬಿಟ್ಟು ಇನ್ನೊಂದಕ್ಕೆ, ಅದನ್ನೂ ಬಿಟ್ಟು ಮತ್ತೊಂದಕ್ಕೆ ಅಲೆಯುವ ನಮ್ಮ ಕಾಲದವರಿಗೆ ಇದೇನೂ ಹೊಸತಲ್ಲ. ಎವಾಗ್ರಿಯಸ್ ಇದನ್ನು ಸಾಧಕರ ದಾರಿಯಲ್ಲಿ ಬಂದೇ ಬರುವ ತೊಡಕೆಂದು ಕಂಡ. ಕೋಣೆ ಬಿಟ್ಟು ಓಡಬೇಡ, ತಾಳಿಕೋ ಎಂಬುದು ಅವನ ಮದ್ದು. ತಾಳಿದವನಿಗೆ ಆಮೇಲೆ ಶಾಂತಿ ಸಿಗುತ್ತದೆಂದೂ ಹೇಳಿದ.

ಆದರೆ ತಾಳಿಕೊಂಡವರಿಗೆಲ್ಲ ಬೆಳಕು ಬೇಗ ಬರುತ್ತದೆಂಬ ಭರವಸೆಯೇನೂ ಇಲ್ಲ. ಮದರ್ ತೆರೇಸಾರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತು ಬೆಚ್ಚಿತು. ಕಲ್ಕತ್ತೆಯ ಬೀದಿಯಲ್ಲಿ ಸೇವೆ ಆರಂಭಿಸಿದ ಸ್ವಲ್ಪ ಕಾಲದಲ್ಲೇ ಅವರ ಒಳಗೆ ದೇವರ ಸುಳಿವು ನಿಂತುಹೋಗಿತ್ತು. 1958ರ ಚಿಕ್ಕದೊಂದು ಬಿಡುವನ್ನು ಬಿಟ್ಟರೆ ಆ ಬರಿದುತನ ಹೆಚ್ಚುಕಡಿಮೆ 1997ರಲ್ಲಿ ಅವರು ಕಣ್ಣುಮುಚ್ಚುವವರೆಗೂ ಮುಂದುವರಿಯಿತು. ಪತ್ರಗಳನ್ನು ಸುಟ್ಟುಬಿಡಿ ಎಂದು ಅವರು ಬೇಡಿಕೊಂಡಿದ್ದರು. ಅಷ್ಟು ದೊಡ್ಡವರಿಗೂ ಇದನ್ನು ಪಾಪನಿವೇದನೆ ಕೇಳುವ ಕೆಲವು ಫಾದರ್‌ಗಳ ಹತ್ತಿರ ಬಿಟ್ಟು ಬೇರೆಲ್ಲೂ ಹೇಳಿಕೊಳ್ಳಲು ಆಗಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ಕತ್ತಲೆ ಅವರ ಸೇವೆಯನ್ನು ನಿಲ್ಲಿಸಲಿಲ್ಲ. ಪ್ರಾರ್ಥನೆಯಲ್ಲಿ ಸಿಹಿ ಇದೆಯೋ ಇಲ್ಲವೋ ಎಂಬುದರ ಮೇಲೆ ವಿಶ್ವಾಸವನ್ನು ಅಳೆಯುವುದು ಎಷ್ಟು ತಪ್ಪೆಂದು ತಿಳಿಯಲು ಇಷ್ಟು ಸಾಕು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಮನಸ್ಸಿನ ಎಲ್ಲ ಕತ್ತಲೆಯೂ ಆತ್ಮಿಕವಲ್ಲ. ಕರ್ಮೆಲ್ ಬೆಟ್ಟದ ಮೇಲೆ ಬಾಳನ 450 ಪ್ರವಾದಿಗಳೆದುರು ಗೆದ್ದ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಅಡವಿಗೆ ಓಡಿ, ಒಂದು ಗಿಡದಡಿ ಕೂತು ಸಾವು ಬೇಡಿದ. ದೂತ ಬಂದು ಉಪದೇಶ ಮಾಡಲಿಲ್ಲ, ವಿಶ್ವಾಸ ಎಲ್ಲಿಗೆ ಹೋಯಿತು ಎಂದು ಕೇಳಲೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು ಎಬ್ಬಿಸಿದ. ತಿಂದು ಮತ್ತೆ ಮಲಗಿದವನನ್ನು ಮತ್ತೊಮ್ಮೆ ಎಬ್ಬಿಸಿ ತಿನ್ನಿಸಿದ. ಮೊದಲು ಊಟ, ನಿದ್ದೆ, ಮಾತೆಲ್ಲ ಆಮೇಲೆ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನುಂಗುವುದು ಅವಿಶ್ವಾಸ ಎಂದು ಹೇಳುವ ಬೋಧಕರಿದ್ದರೆ ಅವರಿಗೆ ಎಲೀಯನ ಈ ಅಧ್ಯಾಯವನ್ನು ಓದಿಸಿ.

ಕೆಲವರು ಈ ನಡುಗಾಲದಲ್ಲಿ ಬಂದ ದಾರಿಗೆ ಮರಳಿಹೋಗುತ್ತಾರೆ. ಅದೂ ಪ್ರಾಮಾಣಿಕ ಹುಡುಕಾಟದ ಒಂದು ಗತಿಯಾಗಿರಬಹುದು. ಮನಸ್ಸಾಕ್ಷಿಯನ್ನು ಕಟ್ಟಿಹಾಕಿ ಉಳಿಸಿಕೊಂಡ ವಿಶ್ವಾಸಿಯಿಂದ ದೇವರಿಗೇನೂ ಲಾಭವಿಲ್ಲ. ರಮಾಬಾಯಿ ಉಳಿದರು, ಪ್ರಶ್ನೆಗಳನ್ನು ನುಂಗಿಕೊಳ್ಳದೆಯೇ ಉಳಿದರು. 1891ರ ಶಾಂತಿ ಆಕೆಗೆ ನೆಮ್ಮದಿಯ ಬದುಕನ್ನೇನೂ ತರಲಿಲ್ಲ. 1893ರಲ್ಲಿ ಹುಡುಗಿಯರನ್ನು ಮತಾಂತರಕ್ಕೆ ಎಳೆಯುತ್ತಿದ್ದಾರೆಂಬ ಆರೋಪದ ಮೇಲೆ ಸಮಾಜ ಸುಧಾರಕರಾದ ರಾನಡೆ, ಭಂಡಾರಕರರಂಥ ಹಿತೈಷಿಗಳೇ ಶಾರದಾ ಸದನದ ಸಲಹಾ ಸಮಿತಿ ಬಿಟ್ಟರು. 1896ರ ಕ್ಷಾಮದಲ್ಲಿ, ತಾನು ಹುಡುಗಿಯಾಗಿ ಕಂಡ ಹಸಿವಿನ ನೆನಪು ಹೊತ್ತುಕೊಂಡು, ಮಧ್ಯಪ್ರಾಂತ್ಯಕ್ಕೆ ಹೋಗಿ ಅನಾಥ ಹೆಣ್ಣುಮಕ್ಕಳನ್ನು ಗಾಡಿಗಟ್ಟಲೆ ಕರೆತಂದರು. ಪುಣೆ ಹತ್ತಿರದ ಕೇಡಗಾಂವದಲ್ಲಿ ಅವರಿಗಾಗಿ ಕಟ್ಟಿದ ‘ಮುಕ್ತಿ’ಯಲ್ಲಿ ಆಶ್ರಯ ಪಡೆದವರ ಸಂಖ್ಯೆ ಸಾವಿರ ದಾಟಿತು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. 1921ರಲ್ಲಿ ಮಗಳು ಮನೋರಮಾ ತೀರಿಕೊಂಡರು. ವರ್ಷ ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು ತಾಯಿಯೂ ಹೊರಟರು.

ಹೋರೇಬ್ ಬೆಟ್ಟದಲ್ಲಿ ಎಲೀಯ ‘ನಾನೊಬ್ಬನೇ ಉಳಿದಿದ್ದೇನೆ’ ಎಂದು ದೇವರ ಮುಂದೆ ದೂರಿಕೊಂಡ. ಇಸ್ರಾಯೇಲಿನಲ್ಲಿ ಇನ್ನೂ 7,000 ಮಂದಿ ಇದ್ದಾರೆ ಎಂಬ ಉತ್ತರ ಬಂತು. ಜೊತೆಗಾರನಾಗಿ ಎಲೀಷನೂ ಸಿಕ್ಕಿದ. ಸೋತು ಕೂತವರಿಗೆ ತಾನೊಬ್ಬನೇ ಅನ್ನಿಸುವುದೇ ಅರ್ಧ ಕಾಯಿಲೆ. ನಮ್ಮ ಸಭೆಗಳಲ್ಲಿ ಮುಂದಿನ ಬಾರಿ ಸಾಕ್ಷಿಯ ಹೊತ್ತು ಬಂದಾಗ, ಗೆದ್ದವರ ಜೊತೆಗೆ ನಡುದಾರಿಯಲ್ಲಿ ನಿಂತವರನ್ನೂ ಎದ್ದು ಮಾತಾಡಲು ಬಿಡೋಣ. ‘ಈಗ ನನಗೇನೂ ಕಾಣುತ್ತಿಲ್ಲ, ಆದರೂ ಬಂದು ಕೂತಿದ್ದೇನೆ’ ಎಂದು ಒಬ್ಬರು ಹೇಳಿದರೆ ತಿದ್ದಲು ಹೋಗದೆ ಕೇಳೋಣ. ಅದೂ ಪೂರ್ಣವಾದ ಸಾಕ್ಷಿಯೇ, ಅದಕ್ಕೂ ‘ಆಮೆನ್’ ಸಲ್ಲಬೇಕು.